ಸ್ಲೀಪಿಂಗ್ ಬ್ಯಾಗಿನ ಅಳತೆ

ಆಫೀಸಿನವರ ಜೊತೆ ಬೆಟ್ಟದಲ್ಲಿ ಎರಡು ದಿನ ಟೆಂಟ್ ಹಾಕುತ್ತೇನೆ ಎಂದ ಗಂಡನನ್ನು ಹೆಂಡತಿಯೇ ಅಂಗಡಿಗೆ ಕರೆತಂದು, ಇದ್ದುದರಲ್ಲೇ ದಪ್ಪನೆಯ ಸ್ಲೀಪಿಂಗ್ ಬ್ಯಾಗ್ ಆರಿಸಿದಳು.

"ಒಂದ್ಸಲ ಇಲ್ಲೇ ಮಲಗಿ ನೋಡ್ರೀ. ಅಲ್ಲಿ ಹೋಗಿ ನಡುಗೋದು ಬೇಡ."

ಅವನು ಮೊಬೈಲನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬೋರಲಾಗಿಟ್ಟು, ಚೀಲದೊಳಗೆ ನುಸುಳಿದ.

"ಕೈ ಒಳಗೇ ಇರ್ಲಿ ಸಾರ್," ಎಂದ ಅಂಗಡಿಯವನು ಕತ್ತಿನವರೆಗೆ ಜಿಪ್ ಎಳೆದು ಚೀಲಕ್ಕೇ ಹೊಲಿದಿದ್ದ ಟೋಪಿಯ ದಾರ ಬಿಗಿದ. "ಮುಖ ಒಂದು ಹೊರಗಿದ್ರೆ ಸಾಕು."

"ಬೆಚ್ಚಗಿದ್ಯಾ?" ಹೆಂಡತಿ ಬಗ್ಗಿ ಕೇಳಿದಳು.

"ಬೆವರ್ತಾ ಇದೀನಿ ಕಣೇ. ಜಿಪ್ ಬಿಚ್ಚು."

"ಆಫೀಸಿನವರೇ ತಾನೇ ಬರೋದು?"

"ಮತ್ತೆ ಇನ್ಯಾರು?"

"ಹಾಗಾದ್ರೆ ಸ್ವಲ್ಪ ಈ ಕಡೆ ನೋಡಿ," ಎಂದು ಅವಳು ಅವನ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು. ಲಾಕ್ ಬಿಚ್ಚಿಕೊಂಡಿತು.