ಅಜ್ಜಿಯ ಹಾಲು

ಊರಿನಲ್ಲಿ ಹಸುಗಳು ಇಲ್ಲವಾದ ಮೇಲೆ ಹೊರಗಿನಿಂದ ಹಾಲು ಬರುವುದು ಶ್ರಾದ್ಧದ ದಿನ ಮಾತ್ರ, ಶ್ರಾದ್ಧವಿರುವ ಮನೆಗೆ ಒಂದು ಲೋಟ. ಅಂದು ಪದ್ಮನಾಭಯ್ಯನವರು ತೀರಿಹೋದ ಹೆಂಡತಿ ಕಾವೇರಮ್ಮನ ಪಾಲಿನ ಲೋಟವನ್ನು ದೇವರ ಮುಂದಿಟ್ಟು ಮಡಿಯಲ್ಲಿ ಕುಳಿತಿದ್ದಾಗ ಮೊಮ್ಮಗಳು ಮೈತ್ರಿ ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದಳು. ಹೊಸದಾಗಿ ಬಂದಿದ್ದ ಮುಂದಿನ ಹಲ್ಲು ಬೇರುಸಹಿತ ಕಿತ್ತು ಬಂತು.

“ಹಾಲಿಗೆ ಹಾಕಿ ಅಯ್ನೋರೇ, ಬೇಗ! ಹಾಲಲ್ಲಿದ್ರೆ ಹಲ್ಲು ಬದುಕತ್ತೆ, ಡಾಕ್ಟ್ರು ಮತ್ತೆ ಕೂರಿಸ್ತಾರೆ” ಎಂದು ಪಕ್ಕದ ಮನೆಯ ನಸೀಮಾ ಕೂಗಿದಳು.

ಅವರು ಲೋಟವನ್ನು ನೋಡಿದರು. ಸತ್ತವಳ ಹಾಲಿಗೆ ಎಂಜಲು ಹಲ್ಲು ಹಾಕುವುದೇ? ಹಲ್ಲನ್ನು ತೊಳೆದು, ಪಂಚೆಯ ಚುಂಗಿನಲ್ಲಿ ಕಟ್ಟಿಕೊಂಡು, ಮಗುವಿನ ಕೈ ಹಿಡಿದು ಹೊರಟರು.

ದಂತವೈದ್ಯೆ ಗಂಟು ಬಿಚ್ಚಿ ನೋಡಿ ನಿಟ್ಟುಸಿರಿಟ್ಟರು. “ಬೇರು ಒಣಗಿಹೋಗಿದೆ ತಾತ. ಇನ್ನು ಕೂರೋದಿಲ್ಲ. ಮನೇಲಿ ಹಾಲಿರ್ಲಿಲ್ವಾ?”

ಪದ್ಮನಾಭಯ್ಯನವರು ಬಿಚ್ಚಿದ ಚುಂಗನ್ನು ಮತ್ತೆ ಗಂಟು ಹಾಕತೊಡಗಿದರು. ಮೈತ್ರಿ ಬಾಯಿಯ ಹತ್ತಿಯನ್ನು ತೆಗೆದು ಹೇಳಿದಳು: “ಇರ್ಲಿಲ್ಲ ಡಾಕ್ಟ್ರೇ. ನಮ್ಮನೇಲಿ ಇವತ್ತು ಶ್ರಾದ್ಧ ಇಲ್ಲ.”

ದಾರಿಯುದ್ದಕ್ಕೂ ಅವರು ತಲೆ ಎತ್ತಲಿಲ್ಲ.

ಲೋಟ ಇಟ್ಟಲ್ಲೇ ಇತ್ತು. ಅದನ್ನು ಕಾವೇರಮ್ಮನ ಚಿತ್ರದ ಮುಂದೆ ಎತ್ತಿದ ಕೈ ಅರ್ಧದಲ್ಲೇ ನಿಂತಿತು. ತನ್ನ ಅತ್ತೆಯ ಶ್ರಾದ್ಧದ ಹಾಲನ್ನೂ ಆಕೆ ಮೊದಲು ಈ ಮಗುವಿಗೇ ಕುಡಿಸುತ್ತಿದ್ದಳು. ಅವರು ಬೈದರೆ, “ಅತ್ತೆ ಏನೂ ಅನ್ಕೊಳ್ಳಲ್ಲ, ಬಿಡಿ” ಎಂದು ನಗುತ್ತಿದ್ದಳು.

ಮೈತ್ರಿ ಅವರ ಮೊಣಕೈಯನ್ನು ಮೆಲ್ಲನೆ ಮೇಲಕ್ಕೆತ್ತಿದಳು.

“ಅಜ್ಜಿಗೆ ತೋರ್ಸು ತಾತ. ಹಲ್ಲಿನ ವಿಷ್ಯ ನಾನು ಹೇಳಲ್ಲ.”