ಮನಸ್ಸು ಓದುವ ಮ್ಯಾನೇಜರ್

ಮುನಿಗಂಗಮ್ಮ ಮೂರನೆಯ ಸಲ ಮೂಗು ಮುಟ್ಟಿಕೊಂಡಳು. ಸೋಮನಾಥ ನೋಟ್‌ಬುಕ್ಕಿನಲ್ಲಿ ಮೂರನೆಯ ಗೀಟು ಎಳೆದ.

ಸುಳ್ಳು ಹೇಳುವವರ ಮೂಗು ತುರಿಸುತ್ತದಂತೆ. ತಪ್ಪಿಸಿಕೊಳ್ಳಲು ನೋಡುವವರ ಪಾದ ಬಾಗಿಲ ಕಡೆ ತಿರುಗುತ್ತದಂತೆ. ಎರಡು ದಿನದ ಆನ್‌ಲೈನ್ ಕೋರ್ಸಿನಲ್ಲಿ ಮನಸ್ಸಿನ ಬಗ್ಗೆ ಇಂಥ ನೂರು ಸತ್ಯಗಳನ್ನು ಬಾಯಿಪಾಠ ಮಾಡಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದ್ದ. ಕಡಿಮೆ ತಿಳಿದವರಿಗೇ ತಮಗೆಲ್ಲ ತಿಳಿದಿದೆ ಎಂಬ ಭರವಸೆ ಹೆಚ್ಚು ಎಂಬ ಒಂದು ಸತ್ಯವನ್ನು ಮಾತ್ರ ನಕ್ಕು ದಾಟಿದ್ದ. ಅದು ತನ್ನ ಸಹೋದ್ಯೋಗಿಗಳ ಕುರಿತದ್ದು ಎಂದು ಅವನಿಗೆ ಆಗಲೇ ಖಾತ್ರಿಯಾಗಿತ್ತು.

ಅಮೃತಹಳ್ಳಿಯಲ್ಲಿ ಶಾಲಾ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಗೆ ಅವನು ಎಚ್‌ಆರ್ ಮ್ಯಾನೇಜರ್. ಗದಗಿನಿಂದ ಬಂದು ಒಂಬತ್ತು ವರ್ಷ. ಎದುರಿಗೆ ಕುಳಿತವಳು ಅಲ್ಲಿಯೇ ಕಸ ಗುಡಿಸುವವಳು.

ವಿಷಯ ಶುರುವಾದದ್ದು ಸೋಮವಾರ. ಮಾಲೀಕ ಚಿಕ್ಕಮಾರಯ್ಯನವರು ಅವನನ್ನು ತಮ್ಮ ಕೋಣೆಗೆ ಕರೆಸಿದ್ದರು. ಅಪ್ಪನ ಹೊಲದಲ್ಲಿ ಕಾರ್ಖಾನೆ ಎಬ್ಬಿಸಿದ ಮನುಷ್ಯ, ಓದು ಏಳನೆಯ ಕ್ಲಾಸು. ಗೋಡೆಯ ಟಿವಿಯಲ್ಲಿ ಕಾರ್ಖಾನೆಯ ಕೋಣೆ ಕೋಣೆಯನ್ನೂ ತೋರಿಸುವ ಕ್ಯಾಮೆರಾಗಳ ಹದಿನಾರು ಚೌಕ ಮಿನುಗುತ್ತಿದ್ದವು. ಅವರು ಮೇಜಿನ ಮೇಲೆ ಒಂದು ಕಾಗದ ತಳ್ಳಿದರು. ಟೈಪ್ ಮಾಡಿದ ಪತ್ರ, ಸಹಿ ಇಲ್ಲ. ಎಚ್‌ಆರ್ ಸಾಹೇಬರು ದಿನವೂ ಎರಡೂವರೆಗೆ ಬಾಗಿಲಿಗೆ ಚಿಲಕ ಹಾಕಿ, ಶೂ ಬಿಚ್ಚಿ, ಕಾಲನ್ನು ಮೇಜಿನ ಮೇಲಿಟ್ಟು ಮುಕ್ಕಾಲು ಗಂಟೆ ನಿದ್ದೆ ಹೊಡೆಯುತ್ತಾರೆ ಎಂದು ಅದರಲ್ಲಿತ್ತು.

“ಯಾರೋ ಹೊಟ್ಟೆಕಿಚ್ಚಿನವ್ರು ಬರ್ದಾರ ಸರ್. ಇದ್ರಾಗ ಒಂದಕ್ಷರಾನೂ ಖರೇ ಇಲ್ಲ,” ಎಂದ ಸೋಮನಾಥ. ಅವನ ಮೂಗು ಮಾತ್ರ ತುರಿಸಲಿಲ್ಲ.

“ಇರ್ಬೋದು ಬಿಡಿ,” ಎಂದು ಚಿಕ್ಕಮಾರಯ್ಯನವರು ಮೂಗು ಉಜ್ಜಿಕೊಂಡರು. “ಮುಖ ನೋಡಿದ್ರೆ ಒಳಗಿರೋದೆಲ್ಲ ನಿಮ್ಗೆ ಗೊತ್ತಾಗುತ್ತಂತಲ್ಲ. ಬರ್ದೋರು ಒರಗಿನೋರಲ್ಲ, ಈ ಬಿಲ್ಡಿಂಗಲ್ಲೇ ಅವ್ರೆ. ಶುಕ್ರವಾರದೊಳಗೆ ಕಂಡಿಡೀರಿ ನೋಡಾಣ. ರಾಜಾನುಕುಂಟೆ ಒಸಾ ಯೂನಿಟ್ಟು ನಿಮ್ ಕೈಗೇ ಕೊಡಾಣ ಅಂತಿದೀನಿ. ಮುನ್ನೂರು ಜನ.”

ಹೊಸ ಯೂನಿಟ್ಟು, ಜನರಲ್ ಮ್ಯಾನೇಜರ್ ಹುದ್ದೆ. ಆ ಹುದ್ದೆಗಾಗಿ ಸೋಮನಾಥ ಮೂರು ವರ್ಷದಿಂದ ಕಾದಿದ್ದ. ಬಟ್ಟೆಯ ಧೂಳಿಗೆ ದೊಡ್ಡವರ ಮೂಗು ತುರಿಸುತ್ತಿದೆ ಪಾಪ ಎಂದುಕೊಂಡು ಹೊರಬಂದ.

ಚಿಲಕ ಹಾಕಿದ ಬಾಗಿಲ ಒಳಗಿನ ಸಂಗತಿ ಯಾರಿಗೆ ಗೊತ್ತಾಗಬೇಕು? ಕೋಣೆ ಗುಡಿಸುವವಳಿಗೆ. ಗುಡಿಸುವುದು ಬೆಳಿಗ್ಗೆ ಎಂಟಕ್ಕೆ ಎಂಬುದು ಅವನ ಲೆಕ್ಕಕ್ಕೆ ಬರಲಿಲ್ಲ. ಮೊದಲ ದಿನವೇ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿಗೆ ಸುತ್ತು ಹಾಕಿದ್ದ. ಮೂರು ದಿನ ಅವಳನ್ನೇ ಗಮನಿಸಿ, ಗುರುವಾರ ಮಧ್ಯಾಹ್ನ ಕೂರಿಸಿಕೊಂಡಿದ್ದ.

“ನೀವ ಬರೆಸೀರಿ ಅಂತ ನಾ ಹೇಳೂದಿಲ್ಲ. ಸ್ವಲ್ಪ ನೆನಪು ಮಾಡ್ಕೊಳ್ರಿ. ಮನುಷ್ಯಾ ತಾ ಮಾಡಿದ್ದನ್ನ ತಾನ ಮರೀತಾನ.”

“ನಂಗೆ ಓದಕ್ಕೇ ಬರಲ್ಲ ಸಾ.”

“ಮೊಮ್ಮಗಳಿಗೆ ಬರ್ತದಲ್ಲ?”

“ಅವ್ಳು ಆರನೇ ಕ್ಲಾಸು.”

“ಅದಕ್ಕ ಕೇಳಿದೆ.”

ಏಳು ಸೆಕೆಂಡು ಸುಮ್ಮನಿದ್ದರೆ ತಪ್ಪಿತಸ್ಥರು ತಾವಾಗಿಯೇ ಬಾಯಿ ಬಿಡುತ್ತಾರೆ, ನಲವತ್ತೊಂದನೆಯ ಸತ್ಯ. ಸೋಮನಾಥ ಎಪ್ಪತ್ತು ಸೆಕೆಂಡು ಕಾದ. ಅದೇ ಪ್ರಶ್ನೆ ಮತ್ತೆ ಕೇಳಿದ, ಮತ್ತೆ ಕಾದ. ಗಡಿಯಾರದಲ್ಲಿ ಮೂರೂಕಾಲು. ಮೂರೂವರೆಗೆ ಶಾಲೆ ಬಿಡುತ್ತದೆ, ಗೇಟಿನಲ್ಲಿ ಮೊಮ್ಮಗಳು ಒಬ್ಬಳೇ ನಿಲ್ಲಬೇಕು. ಮುನಿಗಂಗಮ್ಮನ ಪಾದಗಳು ಬಾಗಿಲ ಕಡೆ ತಿರುಗಿದವು. ಸೋಮನಾಥ ಖುಷಿಯಿಂದ ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೀಟು ಎಳೆದ.

“ಒಂದು ಸಹಿ ಮಾಡ್ರಿ, ಮುಗೀತು. ಕೆಲಸಕ್ಕ ಏನೂ ತ್ರಾಸ ಆಗೂದಿಲ್ಲ, ನಾ ಅದೀನಲ್ಲ.”

ಅವಳು ಗಡಿಯಾರದ ಕಡೆ ನೋಡಿದಳು. “ನಂಗಂತೂ ಗ್ಯಾಪಕ ಇಲ್ಲ ಸಾ. ಓದಿರೋರು ನೀವೇ ಇಷ್ಟ್ ಸಲ ಏಳ್ತಿದೀರಾ ಅಂದ್ಮೇಲೆ ನಾನೇ ಇರ್ಬೋದು. ಮಗೀನ ಕರ್ಕೊಂಡ್ ಬರ್ಬೇಕು, ಬಿಟ್ಬುಡಿ.”

ತಪ್ಪೊಪ್ಪಿಗೆಯನ್ನು ಅವನೇ ಟೈಪ್ ಮಾಡಿ ಸಿದ್ಧವಾಗಿಟ್ಟಿದ್ದ. ಅವಳು ತನ್ನ ಹೆಸರಿನ ಒಂದೊಂದೇ ಅಕ್ಷರವನ್ನು ಚಿತ್ರ ಬಿಡಿಸಿದಂತೆ ಬಿಡಿಸಿ, ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಓಟ ಕೂಡ ಅಪರಾಧದ ಲಕ್ಷಣ ಎಂದು ಸೋಮನಾಥ ಬರೆದುಕೊಂಡ.

ಐದು ನಿಮಿಷದಲ್ಲಿ ಅವನು ಮಾಲೀಕರ ಮುಂದಿದ್ದ. ಚಿಕ್ಕಮಾರಯ್ಯನವರು ತಪ್ಪೊಪ್ಪಿಗೆಯನ್ನು ಎರಡು ಸಲ ಓದಿದರು.

“ಗ್ಯಾರಂಟಿನಾ?”

“ನೂರಕ್ಕ ನೂರು ಸರ್. ಮೂಗು, ಕಾಲು, ಕಣ್ಣು, ಎಲ್ಲಾ ಅದನ್ನ ಹೇಳಿದ್ವು. ನನ್ನ ಮುಂದ ಕೂತು ಯಾರೂ ಏನೂ ಮುಚ್ಚಿಡಾಕ ಆಗೂದಿಲ್ಲ.”

ಚಿಕ್ಕಮಾರಯ್ಯನವರು ಅವನ ಮುಂದೆಯೇ ಕೂತಿದ್ದರು. ಮತ್ತೆ ಮೂಗು ಉಜ್ಜಿಕೊಂಡರು. ಮೇಜಿನ ಕೆಳಗೆ ಅವರ ಕಾಲುಗಳು ಬಾಗಿಲ ಕಡೆ ಚಾಚಿದ್ದವು. ಶುಗರ್ ಇದೆಯಲ್ಲ, ಕಾಲು ಜೋಮು ಹಿಡಿದಿರಬೇಕು ಎಂದು ಸೋಮನಾಥ ಮರುಗಿದ.

“ಅಂಗಾದ್ರೆ ಇವಳನ್ನ ಏನ್ ಮಾಡಾಣ? ಅನ್ನೊಂದು ವರ್ಷದಿಂದ ಅವ್ಳೆ.”

“ತೆಗೀಬೇಕ್ರಿ ಸರ್, ನಾಳೆನ. ಕರುಣಾ ತೋರ್ಸಿದ್ರ ಉಳಿದವ್ರು ತಲಿ ಮ್ಯಾಲೆ ಕೂಡ್ತಾರ.” ಕೊಟ್ಟ ಮಾತಿಗೆ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ. “ರಾಜಾನುಕುಂಟೆಗೆ ನಾ ಯಾವಾಗಿಂದ ಹೋಗ್ಲಿ ಸರ್?”

ಚಿಕ್ಕಮಾರಯ್ಯನವರು ತಪ್ಪೊಪ್ಪಿಗೆಯನ್ನು ನಿಧಾನವಾಗಿ ನಾಲ್ಕು ತುಂಡು ಮಾಡಿದರು.

“ಮುನ್ನೂರು ಜನರ ಅನ್ನ ನಿಮ್ ಕೈಗೆ ಕೊಡೋಕ್ ಮುಂಚೆ ಒಂದ್ಸಲ ನಿಮ್ಮನ್ನ ನೋಡ್ಬುಡಾಣ ಅಂತ, ಆ ಕಾಗ್ದ ನಾನೇ ಬರೆಸ್ದೆ ಕಣ್ರೀ.”