ಬಾಯಿಯ ಸಪ್ಪಳ

ಮತ್ತೆ ಅದೇ ಸಪ್ಪಳ. ಚಪ್, ಚಪ್. ನಡುನಡುವೆ ಎಂಜಲು ನುಂಗಿದ ಗುಟುಕು. ಚೇತನ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದ.

ಬೆಳಗಾವಿಯ ಶಹಾಪುರದ ಈ ಸ್ಟುಡಿಯೋದಲ್ಲಿ ಅವನು ವರ್ಷಗಳಿಂದ ಹಾಡು ಮಿಕ್ಸ್ ಮಾಡುತ್ತಿದ್ದ. ಎಲ್ಲವೂ ಮೆರವಣಿಗೆಯ ಡಿಜೆ ಹಾಡುಗಳು. ಢೋಲು, ಕೀಬೋರ್ಡು, ಗದ್ದಲ. ವಾದ್ಯವಿಲ್ಲದ ಬರಿಗೊರಳಿನ ಹಾಡು ಬಂದದ್ದು ಇದೇ ಮೊದಲು. ಖಾನಾಪುರದ ಒಂದು ಮಹಿಳಾ ಸಂಘದವರು ಬೀಸುಕಲ್ಲಿನ ಪದಗಳನ್ನು ರೆಕಾರ್ಡ್ ಮಾಡಿಸುತ್ತಿದ್ದರು. ಹಾಡುವವಳು ಭರಮವ್ವ, ಕುರಿ ಕಾಯುವ ಮನೆತನದ ಮುದುಕಿ. ದನಿ ಚಿನ್ನದಂಥದ್ದು, ಅದನ್ನು ಚೇತನನೂ ಒಪ್ಪುತ್ತಿದ್ದ. ಬಾಯಿ ಮಾತ್ರ ಹೇಸಿಗೆ. ತಂಬಾಕು ತಿಂದು ತಿಂದು ಕಪ್ಪಾದ ಹಲ್ಲುಗಳು, ಅವುಗಳಲ್ಲಿ ಮುಂದಿನವು ಅಲುಗಾಡುತ್ತಿದ್ದವು.

ಹೆಡ್‌ಫೋನ್ ಹಾಕಿಕೊಂಡರೆ ಆ ಬಾಯಿಯೊಳಗೇ ತಲೆಯಿಟ್ಟು ಕೂತಂತಾಗುತ್ತಿತ್ತು. ಎಂದಿನಂತೆ ಡಬ್ಬಿಯಿಂದ ಬಡೇಸೋಪು, ಅಂದರೆ ಸೋಂಪಿನ ಕಾಳು, ಇನ್ನೊಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಕಿವಿಯನ್ನು ಪೂರ್ತಿ ಮುಚ್ಚುವ ಆ ಹೊಸ ಹೆಡ್‌ಫೋನನ್ನು ಮತ್ತೆ ಏರಿಸಿದ. ಕೇಳಿದಷ್ಟೂ ಸಪ್ಪಳ ಹೆಚ್ಚಾಯಿತು.

ಸ್ಟುಡಿಯೋದ ಪಾಲುದಾರಳಾದ ಪೂರ್ಣಿಮಾ ಹಾಡಿನಲ್ಲಿ ಸಪ್ಪಳವಿದೆ ಎಂಬುದನ್ನು ಒಪ್ಪಲಿಲ್ಲ. ತಾನು ಹೊಸದಾಗಿ ತಂದಿಟ್ಟಿದ್ದ ಸ್ಟುಡಿಯೋ ಸ್ಪೀಕರುಗಳಲ್ಲಿ ಅದೇ ಪದವನ್ನು ಹಾಕಿ ತೋರಿಸಿದಳು. ಸಪ್ಪಳವಿರಲಿಲ್ಲ. ಹೆಡ್‌ಫೋನನ್ನೂ ಹಾಕಿಕೊಂಡು ಕೇಳಿದಳು. ತನಗೆ ಅಂಥ ಸಪ್ಪಳವೇನೂ ಕೇಳಿಸುತ್ತಿಲ್ಲ ಎಂದಳು. ಮುದುಕಿಯ ಮೇಲಿನ ಕನಿಕರಕ್ಕೆ ಹಾಗನ್ನುತ್ತಿದ್ದಾಳೆ ಎಂದು ಚೇತನನಿಗೆ ಖಾತ್ರಿಯಾಯಿತು. ಇನ್ನು ಸ್ಪೀಕರಿನ ಮಾತು ಬಿಡಿ. ಬಾಜೂ ಮನೆಯ ಮಗ್ಗಗಳು ಬೆಳಗಿನಿಂದ ಖಟಖಟ ಎನ್ನುತ್ತಿರುವಾಗ ಅದರಲ್ಲಿ ಏನು ತಾನೇ ಕೇಳಿಸೀತು?

"ಸ್ಪೀಕರ್ ಎಲ್ಲಾ ಮುಚ್ಚಿಡತಾವ. ಹೆಡ್‌ಫೋನ್ ಸುಳ್ಳ ಹೇಳಂಗಿಲ್ಲ," ಎಂದ.

ಭರಮವ್ವನನ್ನು ಕರೆದು, ನಿಮ್ಮ ತಂಬಾಕಿನ ಎಂಜಲು ಹಾಡಿನಲ್ಲೆಲ್ಲ ಕೇಳಿಸುತ್ತಿದೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಅವಳೆದುರೇ ಬಡೇಸೋಪಿನ ಡಬ್ಬಿ ತೆರೆದು, ಬಾಯಿ ಎಂದರೆ ಹೀಗೆ ಘಮ್ಮೆನ್ನಬೇಕು ಎಂದು ಉಪದೇಶವನ್ನೂ ಮಾಡಿದ. ಅವಳು ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂದೇ ತಂಬಾಕು ಬಿಟ್ಟಳು. ಹರೆಯದಿಂದ ಅಂಟಿದ ಚಟ. ನಿದ್ದೆ ಹಾರಿತು, ಆದರೂ ಮುಟ್ಟಲಿಲ್ಲ. ಮತ್ತೆ ಬಂದು, ಹೊರಗಿನ ಸದ್ದು ತಡೆಯಲು ಕೌದಿ ಇಳಿಬಿಟ್ಟ ಒಳಕೋಣೆಯಲ್ಲಿ ಕೂತು ಹಾಡಿದಳು.

ಸಪ್ಪಳ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ತಂಬಾಕಲ್ಲದಿದ್ದರೆ ಹಲ್ಲು, ಎಂದು ಚೇತನ ತೀರ್ಮಾನಿಸಿದ. ಅಲುಗಾಡುವ ಹಲ್ಲಿಗೆ ನಾಲಿಗೆ ತಾಗಿ ಚಪ್ಪರಿಸಿದಂತಾಗುತ್ತದೆ, ಆ ಹಲ್ಲುಗಳಿರುವ ತನಕ ಇದು ಹೋಗುವುದಿಲ್ಲ ಎಂದ. ಬೆಳಗಾವಿಯಲ್ಲೇ ಮನಿಷಾ ಎಂಬ ಗಾಯಕಿಯಿದ್ದಾಳೆ, ಒಳ್ಳೆಯ ಚೊಕ್ಕ ಬಾಯಿ, ಇದೇ ಪದಗಳನ್ನು ಅವಳು ಹಾಡಲಿ, ಸಂಘದವರಿಗೆ ತಾನೇ ಹೇಳುತ್ತೇನೆ ಎಂದೂ ಸೇರಿಸಿದ.

ಅಷ್ಟು ದಿನ ತಲೆ ತಗ್ಗಿಸಿ ಕೇಳುತ್ತಿದ್ದ ಭರಮವ್ವ ಆಗ ಮಾತ್ರ ಬಾಯಿ ಬಿಟ್ಟಳು.

"ನಮ್ಮವ್ವ ಬೀಸತಾ ಬೀಸತಾ ಹಾಡತಿದ್ದಳ್ರಿ ಸರ. ಆಕೀ ದನಿ ಎಲ್ಲೂ ಉಳೀಲಿಲ್ಲ. ನಂದರ ಉಳೀಲಿ. ಇನ್ನೊಂದ ಸಲ ಹಾಡತೀನಿ."

ಪೂರ್ಣಿಮಾ ಪಟ್ಟು ಹಿಡಿದಳು. ಕಡೆಗೆ ಚೇತನ ಒಂದು ಮಾತಿಗೆ ಒಪ್ಪಿದ. ಇನ್ನೊಂದೇ ಸಲ. ಹೆಡ್‌ಫೋನಿನಲ್ಲಿ ಸ್ವಚ್ಛವಾಗಿ ಕೇಳಿಸಿದರೆ ಭರಮವ್ವನ ದನಿ ಉಳಿಯುತ್ತದೆ, ಇಲ್ಲವಾದರೆ ಮನಿಷಾ.

ಮುಂದಿನ ತಿಂಗಳು ಖಾನಾಪುರದ ಬಸ್ಸಿಳಿದು ಬಂದ ಭರಮವ್ವನ ಕೆನ್ನೆಗಳು ಒಳಗೆ ಹೋಗಿದ್ದವು. ದವಾಖಾನೆಗೆ ಹೋಗಿ ಮುಂದಿನ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದಳು. "ಈಗ ಸಪ್ಪಳ ಬರಂಗಿಲ್ರಿ," ಎಂದು ನಕ್ಕಳು. ಕೆಂಪಗೆ ಬರಿದಾಗಿದ್ದ ಒಸಡು ಕಂಡು ಚೇತನ ಮುಖ ತಿರುಗಿಸಿದ.

ಅವಳು ಹಾಡಿದಳು. ಹಲ್ಲಿಲ್ಲದ ಬಾಯಲ್ಲಿ ಅಕ್ಷರಗಳು ಜಾರಿದವು, ಕೆಲವು ಬರೀ ಗಾಳಿಯಾದವು. ದನಿ ಮಾತ್ರ ಮೊದಲಿನದೇ. ಹಾಡಿ ಮುಗಿಸಿ ಹೊರಗೆ ಬಂದು, ಬಾಗಿಲ ಬಳಿ ಕೈಕಟ್ಟಿ ನಿಂತಳು.

ಆ ಒಸಡು ಚೇತನನ ಕಣ್ಣಿನಿಂದ ಹೋಗಿರಲಿಲ್ಲ. ಎಂದಿಗಿಂತ ಹೆಚ್ಚೇ ಬಡೇಸೋಪು ಬಾಯಿಗೆ ತುಂಬಿಕೊಂಡ. ಹೆಡ್‌ಫೋನ್ ಏರಿಸಿದ, ಕಣ್ಣು ಮುಚ್ಚಿದ, ಪೂರ್ಣಿಮಾಳಿಗೆ ಹಾಕು ಎಂದು ಕೈ ಮಾಡಿದ.

ಚಪ್. ಚಪ್. ಗುಟುಕು.

ಪದದ ಮೊದಲ ಸೊಲ್ಲು ಬರುವ ಮುಂಚೆಯೇ ಶುರುವಾಗಿತ್ತು. ಹಲ್ಲು ಕೀಳಿಸಿದರೂ ಹೋಗದ ಹೊಲಸು! ಪೂರ್ತಿ ಕೇಳುವ ಗೊಡವೆಗೇ ಅವನು ಹೋಗಲಿಲ್ಲ. ಹೆಡ್‌ಫೋನ್ ತೆಗೆದಿಟ್ಟ.

"ಆಗಂಗಿಲ್ಲ ಭರಮವ್ವಾರ. ಮನಿಷಾನೇ ಹಾಡ್ಲಿ. ನೀವು ಊರಿಗೆ ಹೋಗ್ರಿ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಓಣಿಗೆ ಇಳಿದು ನಡೆದಳು.

ಸ್ಪೀಕರಿನಲ್ಲೂ ಒಮ್ಮೆ ಕೇಳಿಸೋಣವೆಂದು ಮೇಜಿನ ಕೆಳಗೆ ಬಗ್ಗಿ ವೈರು ಜೋಡಿಸುತ್ತಿದ್ದ ಪೂರ್ಣಿಮಾ ಎದ್ದು ನಿಂತಳು. ಖಾಲಿ ಬಾಗಿಲನ್ನು ನೋಡಿದಳು. ಆಮೇಲೆ, ಇನ್ನೂ ಅಗಿಯುತ್ತಲೇ ಇದ್ದ ಚೇತನನ ದವಡೆಯನ್ನು ನೋಡಿದಳು.

"ಅಣ್ಣಾ, ನಾ ಇನ್ನೂ ಪದಾ ಹಚ್ಚೇ ಇಲ್ಲ."